ಬೆಳಗಿನ ಆರು ಗಂಟೆಯ ಗಾಳಿ

ಮೊನ್ನೆ ಬೆಳಿಗ್ಗೆ ಆರು ಗಂಟೆಗೆ ಅಮ್ಮನಿಗೆ ಮತ್ತೆ ಉಬ್ಬಸ ಕಾಣಿಸಿಕೊಂಡಿತು. ಬಾಗಿಲು ತೆರೆದರೆ ಬೀದಿಯ ಕೊನೆಯಲ್ಲಿ ಯಾರೋ ಕಸದ ರಾಶಿಗೆ ಬೆಂಕಿ ಹಚ್ಚಿದ್ದರು. ಹೊಗೆ ಮೇಲೇರದೆ ಹೆಂಚಿನ ಎತ್ತರದಲ್ಲೇ ಹಾಸಿಕೊಂಡಿತ್ತು. ಮೊಬೈಲಿನ ಆ್ಯಪ್ ಮಾತ್ರ ಚಿಕ್ಕಮಗಳೂರಿನ ಗಾಳಿ 'ಉತ್ತಮ' ಎನ್ನುತ್ತಿತ್ತು. ಅಂದಿನಿಂದ ನನಗೆ ಸಮಾಧಾನವಿಲ್ಲ.

ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಪಿಎಂ 2.5 ಕಣಗಳ (ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) 24 ಗಂಟೆಗಳ ಸರಾಸರಿ ಒಂದು ಘನ ಮೀಟರ್‌ಗೆ 30 ಮೈಕ್ರೋಗ್ರಾಂ ದಾಟದಿದ್ದರೆ 'ಉತ್ತಮ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಮಧ್ಯಾಹ್ನದ ಒಳ್ಳೆಯ ಗಾಳಿ ಸೇರಿದಾಗ ಬೆಳಗಿನ ಹೊಗೆ ಸರಾಸರಿಯಲ್ಲಿ ಕರಗಿಹೋಗುತ್ತದೆ.

ನಮ್ಮ ಊರಿನ ಕಲ್ಯಾಣ ನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಆದರೆ ಅದು ಅಳೆಯುವುದು ಅಲ್ಲಿನ ಗಾಳಿಯನ್ನಷ್ಟೇ. ಅಳತೆಯಿಲ್ಲದ ಕಡೆ ಇಂಥ ಆ್ಯಪ್‌ಗಳು ಹಲವು ಬಾರಿ ತೋರಿಸುವುದು ಕಂಪ್ಯೂಟರ್ ಮಾದರಿಯ ಅಂದಾಜು. ಮಾದರಿ ನಾಡನ್ನು ಚೌಕಗಳಾಗಿ ಹೆಚ್ಚಿ, ಎಲ್ಲಿ ಎಷ್ಟು ಹೊಗೆ ಹುಟ್ಟಿತು, ಗಾಳಿ ಅದನ್ನು ಎತ್ತ ಒಯ್ದಿತು, ಮಳೆ ಎಷ್ಟು ತೊಳೆಯಿತು ಎಂದು ಲೆಕ್ಕ ಹಾಕುತ್ತದೆ. ಚೌಕದ ಬದಿ ಹತ್ತು ಹನ್ನೆರಡು ಕಿಲೋಮೀಟರ್ ಇದ್ದರೆ, ನಮ್ಮ ಊರೂ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ ಒಂದೇ ಚೌಕಕ್ಕೆ ಬೀಳಬಹುದು. ಗಿರಿಯ ಗಾಳಿಗೆ ಪೇಟೆಯ ಹೊಗೆ ಬೆರೆಸಿ ತೆಗೆದ ಆ ಸರಾಸರಿ ಯಾರ ಮೂಗಿಗೂ ತಾಗುವುದಿಲ್ಲ!

ಗುಡ್ಡದ ಬುಡದ ಊರಿನ ಕಷ್ಟವೇ ಬೇರೆ. ಚಳಿಗಾಲದ ರಾತ್ರಿ ತಂಪು ಗಾಳಿ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬಿಸಿಲೇರುವವರೆಗೆ ಹೊಗೆಗೆ ದಾರಿಯಿಲ್ಲ. ಕಾಫಿ ಕೊಯ್ಲಿನ ದಿನಗಳೂ ಇವೇ. ಚಳಿಗೆ ಬೆಂಕಿ ಕಾಯಿಸುತ್ತಾ ಕೂರುವವರೂ, ತರಗೆಲೆ ಸುಡುವವರೂ ಹೆಚ್ಚು. ನಿಶ್ಚಲ ಗಾಳಿಯಲ್ಲಿ ಹತ್ತು ಮೈಕ್ರಾನ್ ಕಣ ಹತ್ತು ಮೀಟರ್ ಇಳಿಯಲು ಸುಮಾರು ಒಂದು ಗಂಟೆ ಸಾಕು. ಎರಡೂವರೆ ಮೈಕ್ರಾನ್ ಕಣಕ್ಕೆ ಅರ್ಧ ದಿನಕ್ಕೂ ಹೆಚ್ಚು ಬೇಕು. ಅಷ್ಟರೊಳಗೆ ಅದು ಯಾರದೋ ಶ್ವಾಸಕೋಶದಲ್ಲಿರುತ್ತದೆ. ಹೊಗೆ ನೇರ ಗರಿಯಂತೆ ಹರಡುತ್ತದೆಂದು ಭಾವಿಸುವ ಹಳೆಯ ಗಾಸಿಯನ್ ಸೂತ್ರ ಸಪಾಟು ನೆಲಕ್ಕೆ ಹೊಂದಿದಂತೆ ಇಲ್ಲಿಗೆ ಹೊಂದುವುದಿಲ್ಲ.

ಆದರೂ ಮಾದರಿ ಬೇಕೇ ಬೇಕು. ಮಾಪನ ಕೇಂದ್ರದ ಯಂತ್ರ ಕಣ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಅದು ಕಡೂರು ರಸ್ತೆಯ ಲಾರಿಗಳದೋ ಕಸದ ಬೆಂಕಿಯದೋ ಎಂದು ಬಿಡಿಸಿ ನೋಡಲು ಮಾದರಿಯೇ ನೆರವಾಗಬೇಕು. ಅದಕ್ಕೆ ಊರಿನ ಹೊಗೆಯ ಪಟ್ಟಿ ಕೊಟ್ಟಿರಬೇಕಲ್ಲ? ನಮ್ಮ ಬೀದಿಯ ಬೆಂಕಿ ಯಾವ ಪಟ್ಟಿಯಲ್ಲಿದೆ?

ನಾನು ದಿನವೂ ಬೆಂಕಿ ಕಂಡ ಜಾಗ, ಹೊತ್ತು ಬರೆದಿಡುತ್ತಿದ್ದೇನೆ. ಕೋಟೆ, ಉಪ್ಪಳ್ಳಿ, ಹಿರೇಮಗಳೂರಿನ ಗೆಳೆಯರೇ, ನೀವೂ ಬರೆದು ಕಳುಹಿಸಿ. ಒಂದು ತಿಂಗಳ ಪಟ್ಟಿಯಾದ ಮೇಲೆ ಎಲ್ಲರೂ ಸೇರಿ ನಗರಸಭೆಗೆ ಹೋಗೋಣ.