ಹುರುಳಿ ಗಂಟನ್ನು ಬಾದಾಮಿ ಡಬ್ಬಿಯ ಮುಂದೆ ತಲೆತಗ್ಗಿಸಿ ನಿಲ್ಲಿಸಬೇಡಿ

ಕಾಯಿಲೆ ಬಿದ್ದವರನ್ನು ನೋಡಲು ಹೋಗುವವರು ಕಾಲು ಕಿಲೋ ಬಾದಾಮಿ ಒಯ್ಯುತ್ತಾರೆ. ಮಗು ಓದಿನಲ್ಲಿ ಹಿಂದೆ ಬಿದ್ದರೆ ಬಾದಾಮಿ, ಗರ್ಭಿಣಿಗೆ ಬಾದಾಮಿ, ಜಿಮ್‌ಗೆ ಸೇರಿದ ಹುಡುಗನಿಗೆ ಬಾದಾಮಿ, ದೀಪಾವಳಿಗೆ ಕಚೇರಿಯಿಂದ ಬರುವ ಪೆಟ್ಟಿಗೆಯಲ್ಲೂ ಬಾದಾಮಿ. ಮೊಳಕೆ ಕಟ್ಟಿದ ಹುರುಳಿಯನ್ನು ಅಷ್ಟೇ ಗೌರವದಿಂದ ಯಾರ ಕೈಗಾದರೂ ಇಟ್ಟವರನ್ನು ನಾನು ಕಂಡಿಲ್ಲ. ಹುರುಳಿಯೆಂದರೆ ಎತ್ತಿನ ಮೇವು, ಇಲ್ಲದವರ ಸಾರು ಎಂಬ ತಾತ್ಸಾರ ಉಳ್ಳವರಲ್ಲೂ ಇದೆ, ಇಲ್ಲದವರಲ್ಲೂ ಇದೆ. ಹಳೆ ಮೈಸೂರು ಸೀಮೆಯಲ್ಲಿ ಮುದ್ದೆ, ಹುರುಳಿ ಸಾರು ಉಂಡು ಬೆಳೆದು, ಮುಂದೆ ಬಹಳ ವರ್ಷ ಗೃಹವಿಜ್ಞಾನ ಪಾಠ ಮಾಡಿದ ನನಗೆ ಈ ತಾತ್ಸಾರ ಕಂಡಾಗಲೆಲ್ಲ ಸಿಟ್ಟು ಬರುತ್ತದೆ.

ಈಗ ಒಂದು ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ನೂರು ಗ್ರಾಂ ಬಾದಾಮಿಯಲ್ಲಿ 21 ಗ್ರಾಂ ಪ್ರೋಟೀನ್, ನೂರು ಗ್ರಾಂ ಹೆಸರುಕಾಳಿನ ಮೊಳಕೆಯಲ್ಲಿ ಬರೀ 3 ಗ್ರಾಂ. ಆದ್ದರಿಂದ ಬಾದಾಮಿ ಏಳು ಪಟ್ಟು ಮೇಲು ಎಂದು ಕೆಳಗೆ ದಪ್ಪಕ್ಷರದ ತೀರ್ಪು. ಅಂಕಿಗಳು ಸುಳ್ಳಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಹಾಗೇ ಇದೆ. ಆದರೆ ಆ ಕೋಷ್ಟಕದ ಮೊಳಕೆ ಬೆರಳುದ್ದ ಬೆಳೆಸಿದ, ನೂರಕ್ಕೆ 90 ಪಾಲು ನೀರೇ ಇರುವ ಬಿಳಿ ಮೊಳಕೆ. ನಾವು ಮನೆಯಲ್ಲಿ ಕಾಳಿನ ತುದಿಯಲ್ಲಿ ಚಿಕ್ಕ ಬಾಲ ಮೂಡಿದ ಕೂಡಲೇ ಒಗ್ಗರಣೆಗೋ ಸಾರಿಗೋ ಹಾಕುತ್ತೇವೆ. ನೀರನ್ನು ತೂಗಿ ಬಾದಾಮಿಯ ಪಕ್ಕ ಇಟ್ಟರೆ ಯಾವ ಕಾಳು ತಾನೆ ಗೆದ್ದೀತು? ಒಣ ಹೆಸರುಕಾಳನ್ನು ತೂಗಿ ನೋಡಿ: ನೂರು ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್, ಬಾದಾಮಿಗಿಂತ ಒಂದು ಕೈ ಹೆಚ್ಚೇ.

ನೂರು ಗ್ರಾಂ ಲೆಕ್ಕವನ್ನೂ ಬಿಡೋಣ, ಯಾರೂ ಅಷ್ಟು ಬಾದಾಮಿ ತಿನ್ನುವುದಿಲ್ಲ. ದಿನಕ್ಕೆ ಹತ್ತು ಬಾದಾಮಿ ತಿಂದರೆ ಹೊಟ್ಟೆಗೆ ಹೋಗುವುದು ಹನ್ನೆರಡು ಗ್ರಾಂ. ಅದರಲ್ಲಿ ಪ್ರೋಟೀನ್ ಎರಡೂವರೆ ಗ್ರಾಂ. ಮೂವತ್ತು ಗ್ರಾಂ ಒಣ ಹೆಸರುಕಾಳು ನೆನೆಸಿ ಕಟ್ಟಿದರೆ ಒಂದು ಬಟ್ಟಲು ಮೊಳಕೆಯಾಗುತ್ತದೆ, ಅದರಲ್ಲಿ ಏಳು ಗ್ರಾಂ ಪ್ರೋಟೀನ್. ಕಾಸಿನ ಲೆಕ್ಕದಲ್ಲೂ ಬಟ್ಟಲು ಮೊಳಕೆಯೇ ಅಗ್ಗ.

ಹಾಗೆಂದು ಬಾದಾಮಿ, ಅಕ್ರೋಟುಗಳನ್ನು ಹೀಯಾಳಿಸುವ ಗುಂಪಿಗೂ ನಾನು ಸೇರಿದವಳಲ್ಲ. ಅವುಗಳ ತೂಕದಲ್ಲಿ ಅರ್ಧಕ್ಕರ್ಧ ಕೊಬ್ಬು, ಅದರಲ್ಲೂ ಹೃದಯಕ್ಕೆ ಹಿತವಾದ ಕೊಬ್ಬೇ ಹೆಚ್ಚು. ಬಾದಾಮಿಯಲ್ಲಿರುವಷ್ಟು ಇ ಜೀವಸತ್ವ ನಮ್ಮ ದಿನದ ಅಡುಗೆಯ ಯಾವ ಕಾಳಿನಲ್ಲೂ ಇಲ್ಲ. ಅಕ್ರೋಟಿನಲ್ಲಿರುವಷ್ಟು ಒಮೇಗಾ-3 ಎಂಬ ಕೊಬ್ಬು ಮೊಳಕೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಸ್ಪೇನಿನಲ್ಲಿ ಹೃದ್ರೋಗದ ಅಪಾಯವಿದ್ದ ಸಾವಿರಾರು ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ, ಆಮೇಲೆ ಲೋಪ ತಿದ್ದಿ 2018ರಲ್ಲಿ ಮರುಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಅಲ್ಲಿನ ಸಾಂಪ್ರದಾಯಿಕ ಊಟದ ಜೊತೆ ದಿನಕ್ಕೆ ಮೂವತ್ತು ಗ್ರಾಂ ಅಕ್ರೋಟು, ಬಾದಾಮಿ, ಹೇಜಲ್‌ನಟ್ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂತಹ ಆಘಾತಗಳು ಒಟ್ಟಾರೆ ಕಡಿಮೆಯಾದವು. ಅದನ್ನು ನಾನು ಒಪ್ಪುತ್ತೇನೆ, ಅರವತ್ತು ದಾಟಿದ ನನ್ನ ಗೆಳತಿಯರಿಗೆ ಹೇಳುತ್ತಲೂ ಇರುತ್ತೇನೆ. ಒಪ್ಪದಿರುವುದು ಒಂದನ್ನೇ: ಕೊಬ್ಬಿನ ಕೆಲಸಕ್ಕೆ ಇರುವ ಬಾದಾಮಿಯನ್ನು ರಕ್ತಕ್ಕೂ ಬೆಳವಣಿಗೆಗೂ ಬುದ್ಧಿಗೂ ಮದ್ದೆಂದು ನಂಬಿ, ಆ ಕೆಲಸ ನಿಜವಾಗಿ ಮಾಡುವ ಕಾಳನ್ನು ತಟ್ಟೆಯಿಂದ ಆಚೆಗೆ ತಳ್ಳುವುದನ್ನು.

ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂತೆಯಲ್ಲಿ ಸಿಕ್ಕಿದ್ದಳು. "ಮೇಡಂ, ಮಗಳಿಗೆ ರಕ್ತ ಕಡಿಮೆ ಇದೆ ಎಂದರು. ದಿನಾ ಹತ್ತು ಬಾದಾಮಿ ನೆನೆಸಿ ಸಿಪ್ಪೆ ತೆಗೆದು ಕೊಡುತ್ತಿದ್ದೇನೆ, ಸಾಕಲ್ಲವೇ?" ಎಂದು ಕೇಳಿದಳು. ಹತ್ತು ಬಾದಾಮಿಯಲ್ಲಿರುವ ಕಬ್ಬಿಣಾಂಶ ಅರ್ಧ ಮಿಲಿಗ್ರಾಂ ಕೂಡ ಮುಟ್ಟುವುದಿಲ್ಲ. ಬೆಳೆದ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಮೂವತ್ತು ಗ್ರಾಂ ಹುರುಳಿಯಲ್ಲಿ ಎರಡು ಮಿಲಿಗ್ರಾಂ ದಾಟುತ್ತದೆ. ಅದೂ ಸಾಲದು, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಿಸಬೇಡ ಎಂದೇ ಅವಳಿಗೆ ಹೇಳಿದೆ. ಆ ತಾಯಿ ದುಡಿದ ಹಣದಲ್ಲಿ ಬಾದಾಮಿ ತಂದು, ಮನೆಯಲ್ಲಿದ್ದ ಹುರುಳಿಯನ್ನು ಮಗಳಿಗೆ ಉಷ್ಣವಾಗುತ್ತದೆಂದು ಡಬ್ಬದಲ್ಲೇ ಮುಚ್ಚಿಟ್ಟಿದ್ದಳು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಇಂಥ ರಾಜ್ಯದಲ್ಲಿ ಈ ತಪ್ಪು ತಿಳಿವಳಿಕೆ ಸಣ್ಣದಲ್ಲ.

ಮೊಳಕೆ ಬರಿಸುವುದರಿಂದ ಏನಾಗುತ್ತದೆ ಎಂಬುದನ್ನೂ ಸರಿಯಾಗಿ ತಿಳಿಯಬೇಕು. ಪ್ರೋಟೀನ್ ಎರಡು ಪಟ್ಟಾಗುತ್ತದೆ, ಬಿ12 ಹುಟ್ಟುತ್ತದೆ ಎನ್ನುವುದೆಲ್ಲ ಬರೀ ಮಾತು. ಪ್ರೋಟೀನ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬಿ12 ಮೊಳಕೆಯಲ್ಲೂ ಇಲ್ಲ, ಬಾದಾಮಿಯಲ್ಲೂ ಇಲ್ಲ. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸವೇ ಬೇಕು. ನಿಜವಾಗಿ ಬದಲಾಗುವುದು ಬೇರೆ. ಒಣ ಕಾಳಿನೊಳಗೆ ರಂಜಕವನ್ನು ಬಚ್ಚಿಟ್ಟುಕೊಂಡ ಫೈಟಿಕ್ ಆಮ್ಲವಿರುತ್ತದೆ. ಕಬ್ಬಿಣ, ಸತುವನ್ನು ಅದು ಹಿಡಿದಿಟ್ಟು ನಮ್ಮ ಕರುಳಿಗೆ ಸಿಗದಂತೆ ಮಾಡುತ್ತದೆ. ಕಾಳು ಮೊಳೆಯುವಾಗ ಎಚ್ಚರಗೊಳ್ಳುವ ಕಿಣ್ವ ಆ ಹಿಡಿತವನ್ನು ಸಡಿಲಿಸುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳೂ ಕಡಿಮೆಯಾಗುತ್ತವೆ. ಕಾಳು ತಿಂದರೆ ವಾಯು ಎನ್ನುವ ಹಿರಿಯರಿಗೆ ಮೊಳಕೆಯ ಸಾರು ಒಗ್ಗುವುದು ಇದಕ್ಕೇ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಸಿ ಜೀವಸತ್ವವೂ ಆಗ ಹುಟ್ಟಿಕೊಳ್ಳುತ್ತದೆ. ಬಾದಾಮಿಯನ್ನು ರಾತ್ರಿಯಿಡೀ ನೆನೆಸಿದರೆ ಸಿಪ್ಪೆ ಸುಲಿಯಲು ಸುಲಭ, ಅಗಿಯಲು ಮೆದು, ಅಷ್ಟೇ. ಅದು ಮೊಳಕೆಗೆ ಸಮವಲ್ಲ.

ಈ ಸಿ ಜೀವಸತ್ವದ ಮಹತ್ವ ಯುದ್ಧಭೂಮಿಯಲ್ಲಿ ಕಂಡದ್ದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರ ಕೊನೆಯಿಂದ 1916ರ ಏಪ್ರಿಲ್‌ವರೆಗೆ, ಈಗಿನ ಇರಾಕಿನ ಕೂಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕ ಭಾರತೀಯ ಸಿಪಾಯಿಗಳು ತರಕಾರಿಯಿಲ್ಲದೆ, ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ನರಳಿದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್ ಎಂಬ ಇಬ್ಬರು ಮಹಿಳೆಯರು ಅದೇ ದಶಕದಲ್ಲಿ ಸೇನೆಯ ಆಹಾರವನ್ನು ಪರೀಕ್ಷಿಸುತ್ತಾ, ಒಣ ಕಾಳು ಸ್ಕರ್ವಿಯನ್ನು ತಡೆಯುವುದಿಲ್ಲ, ಮೊಳಕೆ ಬರಿಸಿದ ಅದೇ ಕಾಳು ತಡೆಯುತ್ತದೆ ಎಂದು ತೋರಿಸಿದರು. ಮೂಟೆಯಲ್ಲಿ ಸಾಗಿಸಬಹುದಾದ ಕಾಳು, ಒಂದಿಷ್ಟು ನೀರು, ಎರಡು ದಿನ, ಇಷ್ಟಿದ್ದರೆ ಮರುಭೂಮಿಯಲ್ಲೂ ತಾಜಾ ತರಕಾರಿಯ ಗುಣ ಸಿಗುತ್ತದೆ. ಬೆಲೆ ಏರಿ ತರಕಾರಿ ಕೊಳ್ಳಲಾಗದ ತಿಂಗಳಿನಲ್ಲಿ ನಮ್ಮ ಅಡುಗೆಮನೆಗೂ ಈ ಮಾತು ಸಲ್ಲುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮುದ್ದೆಯ ಜೊತೆ ಹುರುಳಿ ಕೂಡುವ ರೀತಿ. ರಾಗಿ, ಅಕ್ಕಿ, ಗೋಧಿ ಯಾವುದರ ಪ್ರೋಟೀನಿನಲ್ಲೂ ಲೈಸಿನ್ ಎಂಬ ಅಂಶ ಕಡಿಮೆ. ಹುರುಳಿ, ಹೆಸರು, ಅಲಸಂದೆಗಳಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಪ್ರೋಟೀನಿನ ಇನ್ನೊಂದು ಅಂಶ ಧಾನ್ಯದಿಂದ ಸಿಗುತ್ತದೆ. ಬಾದಾಮಿಯಲ್ಲೂ ಲೈಸಿನ್ ಕಡಿಮೆ, ಆದ್ದರಿಂದ ಅನ್ನ ಉಣ್ಣುವವರ ಕೊರತೆಯನ್ನು ಅದು ತುಂಬಲಾರದು. ಸುಣ್ಣದಂಶಕ್ಕೂ ಬಾದಾಮಿಯನ್ನೇ ಹೊಗಳುತ್ತಾರೆ. ನೂರು ಗ್ರಾಂ ಬಾದಾಮಿಯಲ್ಲಿ ಸುಮಾರು 270 ಮಿಲಿಗ್ರಾಂ ಇದೆ, ಸರಿ. ರಾಗಿಯಲ್ಲಿ 340 ದಾಟುತ್ತದೆ. ಹುಣಸೆಹಣ್ಣು ಕಿವುಚಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಕಾಯಿ ರುಬ್ಬಿ ಹಾಕಿ, ಬದನೆಕಾಯಿ ಜೊತೆ ಕುದಿಸಿದ ಮೊಳಕೆ ಹುರುಳಿ ಸಾರನ್ನು ಮುದ್ದೆಯ ಪಕ್ಕ ಬಡಿಸಿದರೆ ಪಾಠಪುಸ್ತಕದ ಆಹಾರ ಸಮತೋಲನ ಅಲ್ಲೇ ಇರುತ್ತದೆ. ಕುದಿಸುವಾಗ ಸಿ ಜೀವಸತ್ವ ಒಂದಷ್ಟು ನಷ್ಟವಾಗುತ್ತದೆ. ಅದಕ್ಕೆ ತಟ್ಟೆಯಲ್ಲಿ ನಿಂಬೆಹೋಳು ಹಿಂಡಿಕೊಳ್ಳಿ, ಕಬ್ಬಿಣ ಮೈಗೆ ಹತ್ತಲು ಹುಳಿ ಸಹಾಯ ಮಾಡುತ್ತದೆ. ಊಟ ಮುಗಿದ ಕೂಡಲೇ ಕಾಫಿ, ಟೀ ಕುಡಿಯುವ ಅಭ್ಯಾಸ ಮಾತ್ರ ಬಿಡಲೇಬೇಕು. ಹುಳಿ ಕೊಟ್ಟದ್ದನ್ನು ಅದು ಕಿತ್ತುಕೊಳ್ಳುತ್ತದೆ.

ಹುರುಳಿ ಹೆಸರುಕಾಳಿನಷ್ಟು ಬೇಗ ಮೊಳೆಯುವುದಿಲ್ಲ. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರಿ ಬೆಚ್ಚಗಿನ ಮೂಲೆಯಲ್ಲಿಡಬೇಕು. ಬಿಚ್ಚುವಾಗ ಬಿಳಿ ಬೇರುಗಳು ಬಟ್ಟೆಯ ನೂಲಿನೊಳಗೆ ಹೊಕ್ಕು ಹಿಡಿದಿದ್ದರೆ, ಹಸಿ ಕಾಳಿನ ಸಿಹಿ ವಾಸನೆ ಬಂದರೆ ಹದವಾಗಿದೆ. ಲೋಳೆ ಕಂಡರೆ, ಹುಳಿ ನಾತ ಬಂದರೆ ಮುಲಾಜಿಲ್ಲದೆ ಎಸೆಯಿರಿ.

ಎಸೆಯಿರಿ ಎಂದು ಒತ್ತಿ ಹೇಳಲು ಕಾರಣವಿದೆ. ಮೊಳಕೆ ಬರಲು ಬೇಕಾದ ತೇವ, ಬಿಸಿ ಬ್ಯಾಕ್ಟೀರಿಯಾಗಳಿಗೂ ಬೇಕಾದದ್ದೇ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ ಐವತ್ತಕ್ಕೂ ಹೆಚ್ಚು ಜನ ಸತ್ತರು. ಗರ್ಭಿಣಿಯರು, ಎಳೆಯ ಮಕ್ಕಳು, ವಯಸ್ಸಾದವರು ಹಸಿ ಮೊಳಕೆ ತಿನ್ನಬಾರದು. ಬೇಯಿಸಿದ್ದನ್ನೇ ತಿನ್ನಲಿ, ನಮ್ಮ ಸಾರು, ಪಲ್ಯಗಳು ಇರುವುದೇ ಅದಕ್ಕೆ. ರಾಜ್ಮಾ ಮೊಳಕೆಯನ್ನಂತೂ ಯಾರೂ ಹಸಿಯಾಗಿ ಬಾಯಿಗಿಡಬೇಡಿ.

ಬಾದಾಮಿಯ ಜಾಗಕ್ಕೆ ನಾನು ಕಡಲೆಕಾಯಿಯನ್ನು ಕರೆಯುತ್ತೇನೆ. ಹುಟ್ಟಿನಲ್ಲಿ ಅದು ಹೆಸರು, ಹುರುಳಿಗಳ ಬಳಗದ್ದು, ಗುಣದಲ್ಲಿ ಬಾದಾಮಿಯ ಕಡೆಯದ್ದು: ನೂರು ಗ್ರಾಂಗೆ 25 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು. ಚಳ್ಳಕೆರೆ, ಪಾವಗಡದ ಬಯಲಲ್ಲಿ ಮಳೆ ನೆಚ್ಚಿ ಬೆಳೆಯುವ ಬೆಳೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ಹಿಂದೆ ಅಪೌಷ್ಟಿಕತೆ ನೀಗಿಸಲು ರೂಪಿಸಿದ ಬಹೂಪಯೋಗಿ ಆಹಾರದಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ವಿಜ್ಞಾನಿಗಳು ಬಾದಾಮಿಯ ಕಡೆ ನೋಡಲಿಲ್ಲ, ಊರಿನಲ್ಲಿ ಬೆಳೆಯುವುದನ್ನೇ ಕೈಗೆತ್ತಿಕೊಂಡರು. ಬೂಷ್ಟು ಹಿಡಿದ, ಕಹಿಯಾದ, ಸುಕ್ಕುಗಟ್ಟಿದ ಬೀಜವನ್ನು ಆರಿಸಿ ಎಸೆಯಿರಿ. ಅದರಲ್ಲಿ ಇರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 85 ಗ್ರಾಂ ಕಾಳು ಬೇಳೆ, 35 ಗ್ರಾಂ ಬಾದಾಮಿ, ಕಡಲೆಕಾಯಿಯಂತಹ ಬೀಜಗಳು ಎಂದಿದೆ. ಎರಡೂ ಬೇಕು, ಆದರೆ ಕಾಳಿನ ಪಾಲು ಎರಡು ಪಟ್ಟಿಗೂ ಹೆಚ್ಚು. ನಾಲ್ಕು ಜನ ದೊಡ್ಡವರ ಮನೆಗೆ ತಿಂಗಳಿಗೆ ಹತ್ತು ಕಿಲೋ ಕಾಳು ಬೇಳೆ, ನಾಲ್ಕು ಕಿಲೋಗೂ ತುಸು ಹೆಚ್ಚು ಬೀಜಗಳು. ಆ ನಾಲ್ಕು ಕಿಲೋ ಪೂರ್ತಿ ಬಾದಾಮಿಯಾದರೆ ಸಂಬಳದ ಒಂದು ಭಾಗವೇ ಹೋಗುತ್ತದೆ, ಕಡಲೆಕಾಯಿಯಾದರೆ ಅದರ ಐದಾರನೆಯ ಒಂದು ಪಾಲು ಹಣದಲ್ಲಿ ಮುಗಿಯುತ್ತದೆ. ಈ ತಿಂಗಳ ದಿನಸಿ ಚೀಟಿಯನ್ನು ಒಮ್ಮೆ ತೆಗೆದು ಬೇಳೆ, ಕಾಳುಗಳನ್ನೆಲ್ಲ ಕೂಡಿಸಿ ನೋಡಿ. ನನಗೆ ಗೊತ್ತಿರುವ ಬಹುತೇಕ ಮನೆಗಳಲ್ಲಿ ಅದು ಐದು ಕಿಲೋ ದಾಟುವುದಿಲ್ಲ. ಬಾದಾಮಿಗೆಂದು ತೆಗೆದಿಟ್ಟ ಹಣವಿದ್ದರೆ ಮೊದಲು ಕಾಳಿನಲ್ಲಿ ಕೊರತೆ ಬಿದ್ದ ಐದು ಕಿಲೋ ತುಂಬಿಸಿ, ಅದರಲ್ಲಿ ಒಂದು ಕಿಲೋ ಹುರುಳಿ ಇರಲಿ.