ಪಹಣಿ ನೋಡಿ ಬರುವ ದುಡ್ಡು

ಅಮೆರಿಕದ ಟೆಕ್ಸಾಸ್‌ನಲ್ಲಿ, ಲಬಕ್‌ನಿಂದ ದಕ್ಷಿಣಕ್ಕೆ, ಲಿನ್ ಕೌಂಟಿ ಅಂತ ಇದೆ. ಜನ ಆರು ಸಾವಿರವೂ ಇಲ್ಲ. ಸುತ್ತ ಹತ್ತಿ ಹೊಲ. ಅಲ್ಲಿನವರಿಗೆ ಸಿಗುವ ಸಹಾಯಧನದ ಮಾತು ಬಂದರೆ ನಾವೆಲ್ಲ ಹೇಳುವುದು ಒಂದೇ: ಅವರ ಸಬ್ಸಿಡಿಯಿಂದ ನಮ್ಮ ಬೆಲೆ ಬೀಳುತ್ತದೆ ಅಂತ. ಆ ಸಿಟ್ಟಿಗೆ ಕಾರಣ ಇದೆ. ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ನನ್ನನ್ನು ಕಾಡುವುದು ಬೇರೆ. ಆ ದುಡ್ಡು ಹೇಗೆ ಹಂಚಿಕೆಯಾಗುತ್ತದೆ ನೋಡಿ.

ಬೀಜ ಬೇರ್ಪಡಿಸದ ಹತ್ತಿಗೆ ಪೌಂಡಿಗೆ ಇಷ್ಟು ಅಂತ ಅಲ್ಲಿ ಕಾನೂನಿನಲ್ಲೇ ಬರೆದಿದ್ದಾರೆ. 36.7 ಸೆಂಟ್ ಇದ್ದದ್ದನ್ನು 2025ರ ಕಾನೂನು 42ಕ್ಕೆ ಏರಿಸಿತು. ವರ್ಷದ ಸರಾಸರಿ ಬೆಲೆ ಅದಕ್ಕಿಂತ ಕೆಳಗಿಳಿದರೆ ಸರ್ಕಾರ ತುಂಬಿಕೊಡುತ್ತದೆ. ಇದು ಒಳ್ಳೆಯದೇ. ಆದರೆ ಲೆಕ್ಕ ಹಾಕುವುದು ಈ ವರ್ಷ ಬಿತ್ತಿದ ಹೊಲಕ್ಕಲ್ಲ. ಹಿಂದೆ ಬೆಳೆದದ್ದನ್ನು ನೋಡಿ ಆ ಜಮೀನಿನ ಹೆಸರಿಗೆ ಬರೆದಿಟ್ಟ ಎಕರೆಗೆ, ಅದರಲ್ಲೂ ಶೇಕಡಾ 85ಕ್ಕೆ. ಈ ಸಲ ಅಲ್ಲಿ ಜೋಳ ಹಾಕಿದ್ದರೂ ಹತ್ತಿಯ ದುಡ್ಡು ಬರುತ್ತದೆ. ನೆಲದ ಹಳೇ ದಾಖಲೆಗೆ ಬರುವ ಹಣ ಅದು.

ಇದನ್ನು ಓದುವಾಗ ನಮ್ಮ ಕಾಕಾ ಕಣ್ಣ ಮುಂದೆ ಬಂದರು. ಹಾವೇರಿ ಕಡೆ ಆರು ಎಕರೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಹತ್ತಿ ಹಾಕುತ್ತಾರೆ. ಬೀಜ, ಗೊಬ್ಬರ, ಕೀಟನಾಶಕ ಹೊಡೆಯುವ ಖರ್ಚು, ಹತ್ತಿ ಬಿಡಿಸುವ ಹೆಣ್ಣಾಳುಗಳ ಕೂಲಿ, ಎಲ್ಲ ಅವರದು. ಪಹಣಿ ಮಾತ್ರ ಊರು ಬಿಟ್ಟು ಹೋದ ಮಾಲೀಕರದು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಜಮೀನು ಹೆಸರಲ್ಲಿ ಇದ್ದವರಿಗೆ. ಮಳೆಗೆ ಬೆಳೆ ಕೊಳೆತರೆ ಪರಿಹಾರವೂ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. 2025-26ರಲ್ಲಿ ಉದ್ದ ಎಳೆಯ ಹತ್ತಿಗೆ ಕ್ವಿಂಟಾಲ್‌ಗೆ 8,110 ರೂಪಾಯಿ ಬೆಂಬಲ ಬೆಲೆ ಇತ್ತು. ಅದಕ್ಕೆ ಮಾರಲು ಹೆಸರು ಬರೆಸಬೇಕಾದರೂ ಜಮೀನಿನ ದಾಖಲೆ ಬೇಕು. ಕಾಕಾ ದಲ್ಲಾಳಿ ಹೇಳಿದ ರೇಟಿಗೆ ಕೊಟ್ಟು ಬಂದರು. ನಷ್ಟ ಆದರೆ ಪೂರ್ತಿ ಅವರದು, ನೆರವು ಬಂದರೆ ಬೇರೆಯವರದು. ಇದು ಅನ್ಯಾಯ ಅಲ್ವಾ?

ಲಾವಣಿ ಪತ್ರ ಮಾಡಿಸಿಕೊಳ್ಳಿ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ 1974ರ ಭೂಸುಧಾರಣೆಯ ನಂತರ ನಮ್ಮಲ್ಲಿ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಹೊಲ ಗೇಣಿಗೆ ಕೊಡುವುದಕ್ಕೇ ಕಾನೂನಿನ ಒಪ್ಪಿಗೆ ಇಲ್ಲ. ಆ ಕಾನೂನು ಎಷ್ಟೋ ಗೇಣಿದಾರರನ್ನು ಹೊಲದ ಒಡೆಯರನ್ನಾಗಿ ಮಾಡಿತು, ಆ ಉಪಕಾರ ಮರೆಯಬಾರದು. ಆದರೆ ಇವತ್ತಿನ ಲಾವಣಿ ಎಲ್ಲ ಬಾಯಿ ಮಾತಿನ ಮೇಲೆ ನಡೆಯುತ್ತಿದೆ. ಪಕ್ಕದ ಆಂಧ್ರ 2019ರಲ್ಲೇ ಕಾನೂನು ತಂದು ಗುತ್ತಿಗೆ ರೈತರಿಗೆ 11 ತಿಂಗಳ ಬೆಳೆ ಹಕ್ಕಿನ ಪತ್ರ ಕೊಡಲು ದಾರಿ ಮಾಡಿತು. ಜಮೀನಿನ ಒಡೆತನಕ್ಕೆ ಅದರಿಂದ ಧಕ್ಕೆ ಇಲ್ಲ. ಮಾಲೀಕರ ಒಪ್ಪಿಗೆ ಬೇಕು ಅನ್ನುವುದು ಅಲ್ಲಿನ ತೊಡಕು. ಆದರೂ ನಮ್ಮಲ್ಲಿ ಅಷ್ಟಾದರೂ ಶುರುವಾಗಲಿ.

ಯುಗಾದಿಗೆ ಲಾವಣಿ ಮಾತುಕತೆ. ಈ ಸಲ ಎಕರೆಗೆ ಎರಡು ಸಾವಿರ ಜಾಸ್ತಿ ಕೇಳಿದ್ದಾರಂತೆ. ಕಾಕಾ ಇನ್ನೂ ಹೂಂ ಅಂದಿಲ್ಲ.