ನಮ್ಮ ಹಜಾರ ಬೀದಿಗೆ ಬಂತು

ಅಗ್ರಹಾರದ ನಮ್ಮ ಹಳೇ ಮನೆ ಕೆಡವಿಸಿದೆವು. ಗಾರೆ ಗೋಡೆ, ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ. ಡೆಬ್ರಿಸ್ ಸಾಗಿಸಲು ಬಂದ ಟ್ರ್ಯಾಕ್ಟರಿನವನನ್ನು, "ಎಲ್ಲಿ ಸುರೀತೀಯಪ್ಪಾ?" ಅಂದೆ. "ಅದೆಲ್ಲ ನಿಮಗ್ಯಾಕೆ ಸಾರ್, ಲೋಡಿನ ಲೆಕ್ಕ ನೋಡ್ಕೊಳಿ" ಅಂದ. ನನಗೂ ಬೇಕಾಗಿದ್ದು ಅದೇ ಅನ್ನಿ. ರಿಂಗ್ ರಸ್ತೆ ಬದಿಯಲ್ಲಿ ರಾತ್ರೋರಾತ್ರಿ ಹುಟ್ಟುವ ಮರಿ ಚಾಮುಂಡಿಬೆಟ್ಟಗಳ ಸಾಲಿಗೆ ನಮ್ಮದೂ ಒಂದು ಸೇರಿತು ಅಂದುಕೊಂಡು ಸುಮ್ಮನಾದೆ.

ಕಾನೂನು ಇಲ್ಲವೆಂದಲ್ಲ. ದೊಡ್ಡ ಪ್ರಮಾಣದಲ್ಲಿ ಕೆಡವುವವರು ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ಕು ಎಂದು ನಾಲ್ಕು ಗುಂಪು ಮಾಡಬೇಕೆಂದು 2016ರಲ್ಲೇ ಕೇಂದ್ರದ ನಿಯಮ ಬಂತು. ಕೆಡವಿದ್ದನ್ನು ರಸ್ತೆಗೆ ಬಳಸುವ ಬಗೆಯನ್ನು ಮಾರನೇ ವರ್ಷ ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿತು. ಯಂತ್ರಕ್ಕೆ ಹಾಕಿ ಪುಡಿ ಮಾಡಬೇಕು, ಆಯಸ್ಕಾಂತದಿಂದ ಕಬ್ಬಿಣ ಎತ್ತಬೇಕು, ಜರಡಿ ಹಿಡಿಯಬೇಕು, ಆಮೇಲೆ ತಳಪದರಕ್ಕೆ ಹಾಸಿ ರೋಲರ್ ಓಡಿಸಬೇಕು.

ನಮ್ಮೂರಲ್ಲಿ ಇಷ್ಟು ರಗಳೆಯಿಲ್ಲ. ಕೆಡವಿದ್ದನ್ನು ಹಾಗೇ ಗುಂಡಿಗೆ ಸುರಿದರಾಯಿತು. ಪುಡಿ ಮಾಡಲು ಸಿಟಿ ಬಸ್ಸಿದೆ. ಜರಡಿ ಹಿಡಿಯಲು ಆಷಾಢದ ಮಳೆಯಿದೆ: ಸಣ್ಣದು ಚರಂಡಿಗೆ, ದಪ್ಪದ್ದು ರಸ್ತೆಗೆ. ಆಯಸ್ಕಾಂತ ನನ್ನ ಸ್ಕೂಟರಿನ ಟೈರೇ. ಅದು ಆರಿಸಿದ ಮೊಳೆಗಳನ್ನು ಪಂಚರ್ ಅಂಗಡಿಯವನು ಡಬ್ಬದಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದಾನೆ. ನಾಲ್ಕನೇ ಗುಂಪಿನ ವಿಂಗಡಣೆ ಅಲ್ಲಿಗೆ ಸಂಪೂರ್ಣ.

ದಸರಾ ಹತ್ತಿರ ಬಂತು. ಜಂಬೂಸವಾರಿ ದಾರಿಗೆ ಡಾಂಬರು ಬಿತ್ತು. ಸರಿಯೇ, 750 ಕೆ.ಜಿ. ಅಂಬಾರಿ ಹೊತ್ತ ಆನೆ ಎಡವಬಾರದು. ನಾವೀಗ ಬಾಡಿಗೆಗಿರುವ ಕುವೆಂಪುನಗರದ ಬೀದಿಗೆ ಆನೆ ಬರುವುದಿಲ್ಲ, ಹಾಗಾಗಿ ಡಾಂಬರೂ ಬರಲಿಲ್ಲ. ಒಂದು ಟ್ರ್ಯಾಕ್ಟರ್ ಬಂತು, ಗುಂಡಿ ತುಂಬಿಸಿ ಹೋಯಿತು.

ಮಾರನೇ ದಿನ ಅಮ್ಮನ ಜೊತೆ ತರಕಾರಿಗೆ ಹೊರಟಿದ್ದೆ. ಗುಂಡಿಯ ಹತ್ತಿರ ಅಮ್ಮ ಗಕ್ಕನೆ ನಿಂತಳು. ಇಟ್ಟಿಗೆ ಚೂರುಗಳ ನಡುವೆ ಅಂಗೈ ಅಗಲದ ಕೆಂಪು ನೆಲ, ಅಂಚಿಗೆ ಕರಿ ಪಟ್ಟಿ, ಮೂಲೆಯಲ್ಲಿ ನಾನು ಚಿಕ್ಕಂದಿನಲ್ಲಿ ಗುಂಡುಕಲ್ಲು ಬೀಳಿಸಿ ಮಾಡಿದ್ದ ಕಚ್ಚು.

"ನಮ್ಮ ಹಜಾರ ಕಣೋ ಇದು" ಅಂದವಳು ನನ್ನ ಕಾಲು ನೋಡಿದಳು. "ಚಪ್ಪಲಿ ಹಾಕ್ಕೊಂಡೇ ನಿಂತಿದೀಯಲ್ಲೋ, ಬಿಚ್ಚು ಮೊದಲು."